ನೂರರವರೆಗೆ ಹೇಳುತ್ತಾಳೆ, ಆರು ಚಮಚ ತರಲು ಬರುವುದಿಲ್ಲ

ತೆಂಗಿನಸೀಮೆ (ತಿಪಟೂರು)

ಮಗಳಿಗೆ ಹೋದ ತಿಂಗಳು ನಾಲ್ಕು ತುಂಬಿತು. ಒಂದರಿಂದ ನೂರರವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮನೆಗೆ ಬಂದ ನೆಂಟರೆದುರು ಹೇಳಿಸಿ ನಾವೂ ಬೇಕಾದಷ್ಟು ಬೀಗಿದ್ದೇವೆ. ಕಳೆದ ಭಾನುವಾರ ಊಟಕ್ಕೆ ಆರು ಜನ ಇದ್ದೆವು. "ಪುಟ್ಟಿ, ಆರು ಚಮಚ ತೆಗೆದುಕೊಂಡು ಬಾ" ಎಂದೆ. ಎರಡು ಕೈಗೆ ಹಿಡಿಯುವಷ್ಟು ಬಾಚಿಕೊಂಡು ಬಂದಳು. ಎಣಿಸು ಎಂದರೆ ಬೆರಳು ಒಂದು ದಾರಿ, ಬಾಯಿ ಇನ್ನೊಂದು ದಾರಿ. ಹತ್ತು ಚಮಚಕ್ಕೆ ಹದಿನಾಲ್ಕರವರೆಗೆ ಹೋದಳು. "ಹಾಗಾದರೆ ಒಟ್ಟು ಎಷ್ಟಿವೆ?" ಎಂದು ಕೇಳಿದೆ. ಉತ್ತರವಿಲ್ಲ, ಮತ್ತೆ ಒಂದರಿಂದ ಶುರು.

ಅತ್ತೆಯವರು "ಬೆಳೆದಂತೆ ಬರುತ್ತದೆ ಬಿಡು" ಎನ್ನುತ್ತಾರೆ. ಯಜಮಾನರು ಅಂಕಿ ತಿದ್ದುವ ಪುಸ್ತಕ ತಂದಿಟ್ಟಿದ್ದಾರೆ. ನನಗೆ ಪುಸ್ತಕ ಬೇಡ. ಸಂಜೆ ಅಡುಗೆ ಮಾಡುವಾಗ ಅರ್ಧ ಗಂಟೆ ಅವಳು ನನ್ನ ಕಾಲಿಗೇ ಸುತ್ತಿಕೊಂಡಿರುತ್ತಾಳೆ. ಆ ಹೊತ್ತಿನಲ್ಲಿ, ಮನೆಯಲ್ಲಿ ಇರುವ ಸಾಮಾನುಗಳಲ್ಲೇ, ಕೈಯಲ್ಲಿ ಮುಟ್ಟಿ ಮಾಡುವಂಥದ್ದು ಏನು ಮಾಡಿಸಬಹುದು? ಮಾಡಿ ನೋಡಿದವರು ಹೇಳಿ.

ಹೊಸ ಅಪ್ಪ

ನಮ್ಮ ಮನೆಯಲ್ಲೂ ಇದೇ ಕಥೆ. ನನ್ನ ಮಗ "ಏಳು" ಹೇಳುವುದನ್ನೇ ಬಿಟ್ಟಿದ್ದಾನೆ. ಆರಾದ ಮೇಲೆ ನೇರವಾಗಿ ಎಂಟು. ಏಕೆ ಎಂದು ಕೇಳಿದರೆ "ಏಳು ಎಂದರೆ ಬೆಳಿಗ್ಗೆ ಏಳುವುದು" ಎಂದ. ಉತ್ತರಗಳಿಗೆ ಕಾಯುತ್ತೇನೆ.

ಒಂದನೇ ತರಗತಿ ಮೇಷ್ಟ್ರು

ತೆಂಗಿನಸೀಮೆಯವರೇ, ಮೊದಲು ಗಾಬರಿ ಬಿಡಿ. ನೀವು ಹೇಳಿದ್ದನ್ನು ನಾನು ಪ್ರತಿ ಜೂನ್ ತಿಂಗಳಲ್ಲಿ ತರಗತಿಯಲ್ಲಿ ನೋಡುತ್ತೇನೆ. ನೂರರವರೆಗೆ ಹೇಳುವುದು ಹಾಡು; ಆರು ಚಮಚ ತರುವುದು ಲೆಕ್ಕ. ಎರಡೂ ಬೇರೆ ಬೇರೆ ವಿದ್ಯೆ.

ಎಣಿಕೆಯಲ್ಲಿ ಏನೇನು ಅಡಗಿದೆ ಎಂಬುದನ್ನು ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಬಿಡಿಸಿ ಬರೆದಿದ್ದಾರೆ. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು, ಹೆಸರುಗಳ ಸಾಲು ಬದಲಾಗಬಾರದು, ಕೊನೆಗೆ ಹೇಳಿದ ಹೆಸರು ಇಡೀ ಗುಂಪಿಗೆ ಸಲ್ಲುತ್ತದೆ. ನಿಮ್ಮ ಮಗಳಿಗೆ ಎರಡನೆಯದು ಬಂದಿದೆ. ಮೊದಲನೆಯದು ಕೈಗೂಡುತ್ತಿದೆ. "ಎಷ್ಟಿವೆ" ಎಂದಾಗ ಮತ್ತೆ ಒಂದರಿಂದ ಎಣಿಸಿದಳಲ್ಲ, ಅಲ್ಲಿ ಮೂರನೆಯದು ಇನ್ನೂ ಬಂದಿಲ್ಲ ಎಂದು ತಿಳಿಯುತ್ತದೆ. "ಇಷ್ಟು ಕೊಡು" ಎಂದು ಕೇಳಿ ಮಕ್ಕಳನ್ನು ಪರೀಕ್ಷಿಸಿದ ಕ್ಯಾರೆನ್ ವಿನ್ ಅವರ ಅಧ್ಯಯನವೂ, 1990ರದ್ದು, ಇದನ್ನೇ ತೋರಿಸಿತು. ಹತ್ತರವರೆಗೆ ಸರಾಗವಾಗಿ ಹೇಳುವ ಮಗು "ಮೂರು ಕೊಡು" ಎಂದರೆ ಮುಷ್ಟಿ ತುಂಬ ಕೊಡುತ್ತದೆ. ಒಂದು, ಆಮೇಲೆ ಎರಡು, ಆಮೇಲೆ ಮೂರು, ಹೀಗೆ ತಿಂಗಳುಗಟ್ಟಲೆ ಅಂತರದಲ್ಲಿ ಒಂದೊಂದೇ ಅರ್ಥವಾಗುತ್ತಾ ಹೋಗುತ್ತದೆ.

ಹಾಗಾಗಿ ನೂರನ್ನು ಅಟ್ಟದ ಮೇಲಿಡಿ. ಐದರೊಳಗೆ ಇರಿ. ನಾನು ಮಾಡಿಸುವುದು ಇಷ್ಟು:

ತಗಡಿನ ಡಬ್ಬಿ, ಹುಣಸೆ ಬೀಜ. ಅವಳು ಕಣ್ಣು ಮುಚ್ಚಿರಲಿ, ನೀವು ಒಂದೊಂದೇ ಬೀಜ ಡಬ್ಬಿಗೆ ಹಾಕಿ. ಟಣ್, ಟಣ್, ಟಣ್. ಎಷ್ಟು ಬಿದ್ದವು? ಹೇಳಿದ ಮೇಲೆ ಮುಚ್ಚಳ ತೆಗೆದು ನೋಡಲಿ. ಬಾಯಿ ಬೆರಳಿಗಿಂತ ಮುಂದೆ ಓಡುವ ಮಕ್ಕಳಿಗೆ ಇದು ಒಳ್ಳೆಯ ಮದ್ದು, ಏಕೆಂದರೆ ಇಲ್ಲಿ ಸದ್ದು ಬಂದಾಗ ಮಾತ್ರ ಎಣಿಸಬಹುದು.

ಎಣಿಸುವಾಗ ವಸ್ತು ಜಾಗ ಬದಲಿಸಲಿ. ಸಾಲಾಗಿ ಇಟ್ಟು ಬೆರಳು ತೋರಿಸುವುದಕ್ಕಿಂತ, ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಹಾಕುತ್ತಾ ಎಣಿಸುವುದು ಸುಲಭ. ಎಣಿಸಿದ್ದು ಆ ಕಡೆ, ಎಣಿಸದೇ ಇರುವುದು ಈ ಕಡೆ.

ಊಟದ ಹೊತ್ತಿಗೆ "ಆರು ಚಮಚ ತಾ" ಎನ್ನಬೇಡಿ. "ತಟ್ಟೆಗೊಂದು ಚಮಚ ಇಡು" ಎನ್ನಿ. ಇಟ್ಟು ಮುಗಿದ ಮೇಲೆ ನೀವೇ, "ಆರು ತಟ್ಟೆ, ಆರು ಚಮಚ" ಎಂದು ಹೇಳಿಬಿಡಿ. ಅಷ್ಟೇ. ಕೇಳಬೇಡಿ, ಹೇಳಿ.

ಹಳೇ ತಕ್ಕಡಿ (ರಾಣೆಬೆನ್ನೂರು)

ಮೇಷ್ಟ್ರ ಮಾತಿಗೆ ನನ್ನ ಸಣ್ಣ ತಕರಾರು ಇದೆ. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವನು ನಾನು. ನಮಗೆ ಇಪ್ಪತ್ತರ ಮಗ್ಗಿ ಮಾತ್ರವಲ್ಲ, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ತಪ್ಪಿದರೆ ಗೆಣ್ಣಿಗೆ ಪೆಟ್ಟು. ಆಗ ಅರ್ಥವಾಗಿರಲಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಕುಳಿತ ಮೇಲೆ ಏಳೂಮುಕ್ಕಾಲು ಸೇರಿಗೆ ಎಷ್ಟು ಎಂದು ಕೇಳಿದರೆ ಕಾಗದ ಬೇಕಾಗುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಬೀಜ, ಕಡ್ಡಿ, ಬಣ್ಣ ಎಂದು ಆಡಿಸುತ್ತೀರಿ. ಆರನೇ ತರಗತಿಗೆ ಬಂದರೂ ಏಳೆಂಟಲ ಎಷ್ಟು ಎಂದರೆ ಮೊಬೈಲ್ ಹುಡುಕುತ್ತಾರೆ. ಮೊದಲು ಬಾಯಿಗೆ ಬರಲಿ, ಅರ್ಥ ತಾನಾಗಿ ಹಿಂದೆ ಬರುತ್ತದೆ.

ಇರಲಿ, ಕೈಯಲ್ಲಿ ಮಾಡುವುದು ಬೇಕೆಂದರೆ ತಕ್ಕಡಿ ಮಾಡಿಕೊಡಿ. ತಿಪಟೂರಿನವರಿಗೆ ಕರಟಕ್ಕೆ ಬರವೇ? ಒಂದೇ ಅಳತೆಯ ಎರಡು ಕರಟ, ಒಂದು ಬಿದಿರು ಕಡ್ಡಿ, ಮೂರು ದಾರ. ಈ ಕಡೆ ಈರುಳ್ಳಿ, ಆ ಕಡೆ ಆಲೂಗಡ್ಡೆ. ಯಾವುದು ಭಾರ ಎಂದು ಮೊದಲು ಕೈಯಲ್ಲಿ ಹಿಡಿದು ಹೇಳಲಿ, ಆಮೇಲೆ ತೂಗಿ ನೋಡಲಿ. ಸಣ್ಣ ತೂಕಕ್ಕೆ ಗುಲಗಂಜಿ ಕೊಡಿ. ಅಕ್ಕಸಾಲಿಗರು ಅದರಲ್ಲೇ ಚಿನ್ನ ತೂಗುತ್ತಿದ್ದರು, ಒಂದೊಂದು ಬೀಜವೂ ಹೆಚ್ಚುಕಡಿಮೆ ಒಂದೇ ತೂಕ.

ಕಡಲತೀರ (ಉಡುಪಿ)

ಹಳೇ ತಕ್ಕಡಿಯವರೇ, ದಯವಿಟ್ಟು ಗುಲಗಂಜಿ ಬೇಡ! ಕೆಂಪು ಮೈ, ಕಪ್ಪು ತಲೆಯ ಆ ಬೀಜ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಗಟ್ಟಿ ಸಿಪ್ಪೆ ಇರುವವರೆಗೆ ಅಷ್ಟು ತೊಂದರೆ ಇಲ್ಲ. ಮಗು ಅಗಿದರೆ ಅಥವಾ ಸರ ಪೋಣಿಸಲು ತೂತು ಮಾಡಿದ ಬೀಜವನ್ನು ನುಂಗಿದರೆ ಜೀವಕ್ಕೇ ಅಪಾಯ. ಅದರಲ್ಲಿರುವ ಅಬ್ರಿನ್ ಎಂಬ ವಿಷಕ್ಕೆ ಪ್ರತಿವಿಷವೂ ಇಲ್ಲ. ಹರಳು ಬೀಜವೂ ಹಾಗೆಯೇ, ಮಕ್ಕಳ ಕೈಗೆ ಸಿಗಬಾರದು.

ನಮ್ಮ ಕಡೆ ಚೆನ್ನೆಮಣೆ ಆಡಲು ಮಂಜೊಟ್ಟಿ ಕಾಯಿ ಬಳಸುತ್ತೇವೆ. ಅದು ಪೂರ್ತಿ ಕೆಂಪು, ಕಪ್ಪು ಚುಕ್ಕೆ ಇರುವುದಿಲ್ಲ, ಗುಲಗಂಜಿಗಿಂತ ದೊಡ್ಡದು. ಅದು ಸಿಗದಿದ್ದರೆ ಹುಣಸೆ ಬೀಜವೇ ಸಾಕು.

ಚೆನ್ನೆಮಣೆಯ ಮಾತು ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಆಟಿ ತಿಂಗಳಲ್ಲಿ ಹೊರಗೆ ಬಿಡದ ಮಳೆ, ಒಳಗೆ ಅಜ್ಜಿ, ಮಧ್ಯೆ ಮಣೆ. ನಾನು ಲೆಕ್ಕ ಕಲಿತದ್ದು ಹೀಗೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯದನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಈ ಬಾಚಿ ಹಂಚುವ ಕೆಲಸದಲ್ಲೇ, ಮೇಷ್ಟ್ರು ಹೇಳಿದ ಒಂದಕ್ಕೊಂದು ಎಂಬುದು ತಾನಾಗಿ ಬಂದುಬಿಡುತ್ತದೆ. ಮಣೆ ಇಲ್ಲದಿದ್ದರೆ ಚಹಾದ ಕಾಗದದ ಲೋಟ 14 ಸಾಲಾಗಿ ಇಡಿ. ನಾಲ್ಕು ವರ್ಷದ ಮಗುವಿಗೆ ಪೂರ್ತಿ ನಿಯಮ ಬೇಡ, ಮೊದಲು ಹಂಚುವುದಷ್ಟೇ ಆಟ. ನನ್ನ ಮಗನಿಗೆ ಐದಾದಾಗ, ಬಾಚುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಕಣ್ಣಿನಲ್ಲೇ ಓಡಿಸಿ ನೋಡುತ್ತಿದ್ದ. ಅಂದಿನಿಂದ ನಾನು ಗೆದ್ದದ್ದು ಕಡಿಮೆ.

ಹಳೇ ತಕ್ಕಡಿ

ತಪ್ಪಾಯಿತು ತಾಯಿ. ಗುಲಗಂಜಿ ವಿಷವೆಂದು ಗೊತ್ತಿತ್ತು, ಆದರೆ ಮಕ್ಕಳು ಬಾಯಿಗೆ ಹಾಕುತ್ತಾರೆ ಎಂಬುದೇ ಮರೆತುಹೋಯಿತು. ಮೊಮ್ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ ನೋಡಿ. ಮೇಲೆ ಬರೆದದ್ದನ್ನು ಅಳಿಸಲು ಬಂದರೆ ಅಳಿಸುತ್ತೇನೆ.

ನಿರ್ವಾಹಕರು

ಅಳಿಸಬೇಡಿ. ಎರಡೂ ಒಟ್ಟಿಗಿದ್ದರೆ ಓದಿದವರಿಗೆ ನೆನಪಿರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯವರು ಯಾವ ಬೀಜವನ್ನೂ, ಗುಂಡಿಯನ್ನೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಚಮಚ, ಲೋಟ, ಆಲೂಗಡ್ಡೆ. ಇನ್ನೊಂದು, ಗಣಿತ ಪೆಟ್ಟಿಗೆ ಮಾರುವವರ ಎರಡು ಸಂದೇಶ ತೆಗೆದಿದ್ದೇನೆ.

ತೆಂಗಿನಸೀಮೆ

ಬೀಜದ ಮಾತಿಗೆ ನನ್ನದೂ ಒಂದು ಇದೆ. ಹೋದ ವರ್ಷ ಇವಳು ನೆನೆಸಿದ ಹುರುಳಿಕಾಳನ್ನು ಮೂಗಿಗೆ ತೂರಿಸಿಕೊಂಡು ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಗೆ ಓಡಿದ್ದೆವು. ವೈದ್ಯರು ತೆಗೆದು ಕೈಗಿಟ್ಟಾಗ "ಒಂದು" ಎಂದು ಎಣಿಸಿದಳು! ಅಲ್ಲಿಂದ ಈಚೆಗೆ ಬೀಜದ ಡಬ್ಬಿ ನನ್ನೆದುರಿಗೆ ಮಾತ್ರ ತೆರೆಯುತ್ತದೆ.

ಟಣ್ ಟಣ್ ಆಟ ಮೂರು ದಿನದಿಂದ ನಡೆದಿದೆ. ನಾಲ್ಕರವರೆಗೆ ತಪ್ಪುವುದಿಲ್ಲ. ಐದಕ್ಕೆ ಎಡವುತ್ತಾಳೆ.

ಇಸಾರ್ ದಂಡೆ (ಮ್ಯೂನಿಕ್)

ನಮ್ಮ ಮನೆಯಲ್ಲಿ ಬೇರೆ ತೊಂದರೆ, ಆದರೆ ಇಲ್ಲಿ ಹೇಳಿದರೆ ಯಾರಿಗಾದರೂ ಉಪಯೋಗವಾಗಬಹುದು. ಮಗಳಿಗೆ ಆರು, ಶಾಲೆಯಲ್ಲಿ ಜರ್ಮನ್. ಜರ್ಮನ್ ಭಾಷೆಯಲ್ಲಿ 21 ಎನ್ನಲು "ಐನ್ ಉಂಟ್ ಸ್ವಾನ್ಸಿಶ್", ಅಂದರೆ "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ. ಕೇಳಿದ ಕ್ರಮದಲ್ಲೇ ಬರೆದರೆ 12 ಆಗುತ್ತದೆ. ಇವಳು ಹಾಗೆಯೇ ಬರೆಯುತ್ತಿದ್ದಳು. ಇಲ್ಲಿನ ಮಕ್ಕಳೂ ಹಾಗೆ ತಿರುಗಿಸಿ ಬರೆಯುತ್ತಾರೆ ಎಂದು ಶಿಕ್ಷಕಿ ಸಮಾಧಾನ ಹೇಳಿದರು.

ಒಂದು ದಿನ ಕಡ್ಡಿಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಎಣಿಸಿದೆವು. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು. ಎರಡು ಕಟ್ಟು ಇಪ್ಪತ್ತು, ಪಕ್ಕದಲ್ಲಿ ಬಿಡಿ ಕಡ್ಡಿ ಒಂದು: ಇಪ್ಪತ್ತು, ಒಂದು, ಇಪ್ಪತ್ತೊಂದು. ಕಟ್ಟು ಮೊದಲು, ಬಿಡಿ ಆಮೇಲೆ. ಬರೆಯುವುದೂ ಅದೇ ಕ್ರಮ. ಅವಳು ಸ್ವಲ್ಪ ಹೊತ್ತು ನೋಡಿ, "ಕನ್ನಡ ಬರೆದ ಹಾಗೆಯೇ ಹೇಳುತ್ತದೆ" ಎಂದಳು. ನನಗೆ ಮೂವತ್ತೈದು ವರ್ಷ ಗಮನಕ್ಕೆ ಬಾರದ ಸಂಗತಿ ಇದು. ಹದಿಮೂರರಲ್ಲೂ ನಮ್ಮದು ಹತ್ತು ಮೊದಲು, ಮೂರು ಆಮೇಲೆ. ಇಂಗ್ಲಿಷಿನ ಥರ್ಟೀನ್ ತಿರುಗುಮುರುಗು, ಅದರ ಮೇಲೆ ಥರ್ಟಿಯ ಗೊಂದಲ ಬೇರೆ.

ನಮ್ಮಲ್ಲೂ ಒಂದು ಮುಳ್ಳು ಇದೆ, ಎಂಬತ್ತು ಮತ್ತು ತೊಂಬತ್ತು. ಎಂಟು ಹತ್ತು ಎಂಬತ್ತು ಎಂಬುದು ಕಿವಿಗೆ ಸಿಗುತ್ತದೆ. ತೊಂಬತ್ತರಲ್ಲಿ ಒಂಬತ್ತು ಅಡಗಿಕೊಂಡಿದೆ. ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು ಎಂದು ಹೇಳುವಾಗ ಅವಳ ನಾಲಿಗೆ ಕಂಬಳಿಯಲ್ಲಿ ಸಿಕ್ಕಿಬಿದ್ದಂತೆ ಒದ್ದಾಡುತ್ತದೆ.

ಹೊಸ ಅಪ್ಪ

ಕಡ್ಡಿಗೆ ಏನು ಬಳಸಿದಿರಿ? ಬೆಂಕಿಕಡ್ಡಿ ಕೊಡಲು ಮನಸ್ಸಿಲ್ಲ.

ತೆಂಗಿನಸೀಮೆ

ನಮ್ಮಲ್ಲಿ ತೆಂಗಿನ ಗರಿಯ ಕಡ್ಡಿ. ಪೊರಕೆಗೆಂದು ಮಾವನವರು ಸೀಳಿ ಇಟ್ಟಿರುತ್ತಾರೆ, ಗೇಣುದ್ದಕ್ಕೆ ಕತ್ತರಿಸಿಕೊಂಡೆ. ತುದಿ ಚೂಪಾಗಿದ್ದರೆ ಉಜ್ಜಿಬಿಡಿ.

ನಾಲ್ಕು ಕವಡೆ (ಬೆಂಗಳೂರು)

ಹಳೇ ತಕ್ಕಡಿಯವರ ಮಗ್ಗಿಯ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ ಎಂಬ ಗುಮಾನಿ ನನಗಿದೆ.

2017ರಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕಿ, ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ದೆಹಲಿಯ ಅಂಗನವಾಡಿ ವಯಸ್ಸಿನ ಮಕ್ಕಳ ಜೊತೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಚುಕ್ಕಿಗಳ ಗುಂಪಿನಲ್ಲಿ ಯಾವುದು ಹೆಚ್ಚು, ಯಾವ ಆಕಾರ ಬೇರೆ ಎಂಬಂಥ ಆಟಗಳನ್ನು ತಿಂಗಳುಗಟ್ಟಲೆ ಆಡಿಸಿದರು. ಹೆಚ್ಚು ಕಡಿಮೆ ಅಂದಾಜಿಸುವ ಶಕ್ತಿ ಬೆಳೆಯಿತು, ಒಂದು ವರ್ಷದ ಮೇಲೂ ಉಳಿಯಿತು. ಆದರೆ ಒಂದನೇ ತರಗತಿಗೆ ಹೋದ ಮೇಲೆ ಶಾಲೆಯ ಲೆಕ್ಕದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಆಟಕ್ಕೂ ಅಂಕಿಗೂ ನಡುವೆ ಸೇತುವೆ ಇರಲಿಲ್ಲ.

ಇನ್ನೊಂದು, ಅಭಿಜಿತ್ ಬ್ಯಾನರ್ಜಿ ಮತ್ತು ಡುಫ್ಲೊ ತಂಡದ್ದು, 2025ರಲ್ಲಿ ಬಂದದ್ದು. ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ತರಕಾರಿ ಮಾರುವ ಮಕ್ಕಳು ಎಂಟುನೂರು ಗ್ರಾಂ ಆಲೂಗಡ್ಡೆ, ಒಂದು ಕಿಲೋ ನಾನೂರು ಗ್ರಾಂ ಈರುಳ್ಳಿಯ ಲೆಕ್ಕವನ್ನು ಬಾಯಲ್ಲೇ ಮಾಡಿ ಚಿಲ್ಲರೆ ಕೊಡುತ್ತಾರೆ. ಅದಕ್ಕಿಂತ ಸುಲಭದ ಲೆಕ್ಕವನ್ನು ಪಠ್ಯಪುಸ್ತಕದ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟರೆ ತಡವರಿಸುತ್ತಾರೆ. ಶಾಲೆಯ ಮಕ್ಕಳು ಇದಕ್ಕೆ ತಿರುಗುಮುರುಗು, ಕಾಗದದ ಮೇಲೆ ಸರಿ, ಅಂಗಡಿಯಲ್ಲಿ ಕಕ್ಕಾಬಿಕ್ಕಿ.

ಅಂದರೆ "ಬಾಯಿಗೆ ಬಂದರೆ ಅರ್ಥ ಹಿಂದೆ ಬರುತ್ತದೆ" ಎಂಬುದೂ ನಿಜವಲ್ಲ, "ಆಡಿಸಿದರೆ ಅಂಕಿ ತಾನಾಗಿ ಬರುತ್ತದೆ" ಎಂಬುದೂ ನಿಜವಲ್ಲ. ಕೈಯಲ್ಲಿರುವ ಐದು ಬೀಜ, ಬಾಯಲ್ಲಿರುವ "ಐದು", ಕಾಗದದ ಮೇಲಿನ 5, ಈ ಮೂರನ್ನೂ ಒಂದೇ ಹೊತ್ತಿನಲ್ಲಿ ಯಾರಾದರೂ ಮಗುವಿನ ಎದುರು ಕಟ್ಟಬೇಕು. ನಮ್ಮ ಮನೆಯಲ್ಲಿ ಬೀಜದ ಬಟ್ಟಲಿಗೆಲ್ಲ ಅಂಕಿ ಬರೆದ ಚೀಟಿ ಅಂಟಿಸಿದ್ದೇವೆ. ಕರಾವಳಿಯ ಅಕ್ಕ ಹೇಳಿದ ಲೋಟಗಳಿಗೂ ಆಟ ಮುಗಿದ ಮೇಲೆ ಎಷ್ಟಿದೆಯೋ ಅಷ್ಟರ ಚೀಟಿ ಇಡಿಸಬಹುದು.

ಹಳೇ ತಕ್ಕಡಿ

ಅರ್ಧ ಸರಿ ಎಂದಿರಲ್ಲ, ಅಷ್ಟಾದರೂ ಸಿಕ್ಕಿತು. ಸಂತೆಯ ಹುಡುಗರ ಮಾತು ನಿಜ. ನನ್ನ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹುಡುಗನೊಬ್ಬ ಲೆಕ್ಕದ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣನಾದ. ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರೆ ಒಂದು ಪೈಸೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಒಂದನೇ ತರಗತಿ ಮೇಷ್ಟ್ರು

ನಾಲ್ಕು ಕವಡೆಯವರು ಒಳ್ಳೆಯ ಮಾತು ತೆಗೆದರು. ಸೇತುವೆಗೆ ಒಂದು ಉದಾಹರಣೆ ಕೊಡುತ್ತೇನೆ. ಸೀಗ್ಲರ್ ಮತ್ತು ಗೀತಾ ರಮಣಿ ಎಂಬುವವರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ನೇರ ಸಾಲಿನಲ್ಲಿ ಹತ್ತು ಮನೆ, 1ರಿಂದ 10ರವರೆಗೆ ಅಂಕಿ. ಮುಳ್ಳು ತಿರುಗಿಸಿದರೆ ಒಂದು ಅಥವಾ ಎರಡು ಬರುತ್ತದೆ, ಅಷ್ಟು ಮನೆ ನಡೆಸಬೇಕು. ಕಾಲು ಗಂಟೆಯಂತೆ ನಾಲ್ಕು ಸಲ ಆಡಿದ ಬಡಮಕ್ಕಳ ಸಂಖ್ಯಾಜ್ಞಾನ ಗಣನೀಯವಾಗಿ ಸುಧಾರಿಸಿತು. ಅದೇ ಹಲಗೆಯಲ್ಲಿ ಅಂಕಿಯ ಬದಲು ಬಣ್ಣ ಇಟ್ಟು ಆಡಿದವರಲ್ಲಿ ಆ ಬದಲಾವಣೆ ಇರಲಿಲ್ಲ.

ಗುಟ್ಟು ಕಾಯಿ ನಡೆಸುವ ರೀತಿಯಲ್ಲಿದೆ. ಮೂರನೇ ಮನೆಯಲ್ಲಿರುವ ಕಾಯಿಗೆ ಎರಡು ಬಿದ್ದರೆ "ಒಂದು, ಎರಡು" ಎನ್ನಬಾರದು, "ನಾಲ್ಕು, ಐದು" ಎನ್ನಬೇಕು. ಮನೆಯ ಅಂಕಿಯನ್ನೇ ಹೇಳುತ್ತಾ ನಡೆಯಬೇಕು. ಹಾವು ಏಣಿಯನ್ನೂ ಹೀಗೆಯೇ ಆಡಿ. ಆದರೆ ನಾಲ್ಕು ವರ್ಷಕ್ಕೆ ಹಾವು ಏಣಿ ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಮಕ್ಕಳಿಗೆ ಹಾವಿಗಿಂತ ಆ ತಿರುವೇ ದೊಡ್ಡ ಗಂಡಾಂತರ. ಅಂಗಳದಲ್ಲಿ ಸೀಮೆಸುಣ್ಣದಿಂದ ನೇರ ಹತ್ತು ಮನೆ ಬರೆಯಿರಿ, ಮಗುವೇ ಕಾಯಿಯಾಗಿ ಕುಪ್ಪಳಿಸಲಿ.

ಇನ್ನೊಂದು, ಮೊಟ್ಟೆ ತರುವ ಮನೆಯವರಿಗೆ ಪುಕ್ಕಟೆ ಸಲಕರಣೆ. ಮೂವತ್ತು ಮೊಟ್ಟೆಯ ರಟ್ಟಿನ ತಟ್ಟೆಯಲ್ಲಿ ಐದೈದರ ಆರು ಸಾಲು ಇರುತ್ತವೆ. ಎರಡು ಸಾಲಿಗೊಮ್ಮೆ ಕತ್ತರಿಸಿದರೆ ಸರಿಯಾಗಿ ಹತ್ತು ಗುಳಿಯ ಮೂರು ತುಂಡು. ತುಂಡನ್ನು ಒಂದು ದಿನ ಬಿಸಿಲಿಗಿಟ್ಟು ಬಳಸಿ. ಮೇಲಿನ ಐದು ಗುಳಿ ತುಂಬಿಸಿ ಕೆಳಗೆ ಎರಡು ಇಟ್ಟರೆ ಏಳು. ಎಣಿಸಬೇಕಾಗಿಲ್ಲ, ಐದರ ಮೇಲೆ ಎರಡು ಎಂದು ಕಣ್ಣಿಗೇ ಕಾಣುತ್ತದೆ. ಹತ್ತಾಗಲು ಎಷ್ಟು ಬೇಕು? ಖಾಲಿ ಗುಳಿ ನೋಡು, ಮೂರು. ತೆಂಗಿನಸೀಮೆಯವರೇ, ನಿಮ್ಮ ಮಗಳು ಐದಕ್ಕೆ ಎಡವುತ್ತಾಳೆ ಎಂದಿರಲ್ಲ, ಒಂದೇ ಸಾಲಿನ ಐದು ಗುಳಿಯಿಂದ ಶುರು ಮಾಡಿ.

ತೆಂಗಿನಸೀಮೆ

ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಮೇಷ್ಟ್ರೇ. ಪಡ್ಡಿನ ಹೆಂಚು ಇದೆ, ಏಳು ಗುಳಿಯದು. ನಡೆಯುತ್ತದೆಯೇ?

ಏಳುಚುಕ್ಕಿ (ಮೈಸೂರು)

ಪಡ್ಡಿನ ಹೆಂಚು! ಅದಕ್ಕಾಗಿಯೇ ಲಾಗಿನ್ ಆದೆ. ನಡುವೆ ಒಂದು, ಸುತ್ತ ಆರು. ಈಗ ಅದನ್ನೇ ಅಡ್ಡವಾಗಿ ನೋಡಿ: ಎರಡು, ಮೂರು, ಎರಡು. ಇದು ನಮ್ಮ ರಂಗೋಲಿಯ ಮೂರರಿಂದ ಎರಡರ ಸಂದುಚುಕ್ಕಿ. ಇನ್ನೊಂದು ಸುತ್ತು ಹೊರಗೆ ಚುಕ್ಕಿ ಇಟ್ಟರೆ ಐದರಿಂದ ಮೂರು, ಒಟ್ಟು 19. ಮತ್ತೊಂದು ಸುತ್ತು, ಏಳರಿಂದ ನಾಲ್ಕು, ಒಟ್ಟು 37. ಪ್ರತಿ ಸುತ್ತಿಗೂ ಎಷ್ಟು ಹೆಚ್ಚಾಯಿತು ಎಂದು ನೋಡಿ: 6, 12, 18. ನನ್ನ ಎರಡನೇ ತರಗತಿಯ ಮಗಳು ಆರರ ಮಗ್ಗಿಯನ್ನು ಬಾಗಿಲ ಮುಂದೆ ಕಂಡುಹಿಡಿದಳು. ಹಳೇ ತಕ್ಕಡಿಯವರಿಗೆ ಇದು ಸಮಾಧಾನ ತರಬಹುದು.

ನಾಲ್ಕು ವರ್ಷದವರಿಗೆ ರಂಗೋಲಿ ಪುಡಿ ಹಿಡಿಯಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಡಿ, ಅವಳು ಪ್ರತಿ ಚುಕ್ಕಿಯ ಮೇಲೆ ಒಂದು ಹೂವು ಇಡಲಿ. ಕನಕಾಂಬರವಾದರೆ ಚುಕ್ಕಿಗೆ ಸರಿಹೊಂದುತ್ತದೆ. ಹೂವು ಮಿಕ್ಕಿತೇ, ಚುಕ್ಕಿ ಮಿಕ್ಕಿತೇ? ಸ್ವಲ್ಪ ದೊಡ್ಡವರಾದ ಮೇಲೆ ಅರ್ಧ ರಂಗೋಲಿ ಬರೆದು ಬಿಡಿ, ಉಳಿದರ್ಧ ಅವರದು. ಎಡಗಡೆಯ ಎಸಳು ಎಡಕ್ಕೆ ಬಾಗಿದ್ದರೆ ಬಲಗಡೆಯದು ಯಾವ ಕಡೆಗೆ ಬಾಗಬೇಕು ಎಂದು ತಲೆ ಕೆರೆದುಕೊಳ್ಳುತ್ತಾರೆ. ಮೊದಮೊದಲು ಅದನ್ನೂ ಎಡಕ್ಕೇ ಬಾಗಿಸುತ್ತಾರೆ. ತಿದ್ದಬೇಡಿ. ಎದ್ದು ನಿಂತು ದೂರದಿಂದ ನೋಡು ಎನ್ನಿ, ಸಾಕು.

ಹೂವಿನ ಮಾತು ಬಂತು, ಅಳತೆಯದೂ ಹೇಳಿಬಿಡುತ್ತೇನೆ. ಹೂವು ಕೊಳ್ಳುವಾಗ ಮಗಳು ಜೊತೆಗಿರಲಿ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಒಂದು ಮೊಳ ಕೊಡುತ್ತಾಳೆ. ಮನೆಗೆ ಬಂದು ಮಗಳ ಕೈಯಲ್ಲಿ ಅಳೆಯಿಸಿ. ಒಂದೂವರೆ ಮೊಳವೋ, ಇನ್ನೂ ಹೆಚ್ಚೋ ಬರುತ್ತದೆ. ನನ್ನ ಮಗಳು "ಅವರು ನಮಗೆ ಜಾಸ್ತಿ ಕೊಟ್ಟುಬಿಟ್ಟಿದ್ದಾರೆ, ವಾಪಸ್ ಕೊಡೋಣ" ಎಂದಳು. ಅಲ್ಲಿಂದ ಅಪ್ಪನ ಮೊಳ, ಅಜ್ಜಿಯ ಮೊಳ, ಬಾಗಿಲಿಗೆ ಎಷ್ಟು ಗೇಣು, ಎರಡು ಗೇಣಿಗೆ ಒಂದು ಮೊಳ ನಿಜವೇ ಎಂದು ಒಂದು ವಾರ ಮನೆಯೆಲ್ಲ ಅಳೆದದ್ದಾಯಿತು. ನಾಲ್ಕು ಮೊಳಕ್ಕೆ ಒಂದು ಮಾರು ಎಂದು ತೋರಿಸಲು ಅವರಪ್ಪ ಕೈ ಚಾಚಿ ನಿಂತೇ ಇದ್ದರು. ಅಳತೆಪಟ್ಟಿ ಏಕೆ ಬೇಕಾಯಿತು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ, ಅವಳೇ ಬಂದು ಕೇಳಿದಳು.

ಕಡಲತೀರ

ವಾಪಸ್ ಕೊಡೋಣ ಎಂದ ಮಗುವಿಗೆ ನನ್ನ ಕಡೆಯಿಂದ ಒಂದು ಮಾರು ಮಲ್ಲಿಗೆ.

ಹಳೇ ತಕ್ಕಡಿ

ಭಿನ್ನರಾಶಿಗೂ ಮನೆಯ ಮಾತೇ ಸಾಕು. ಕುರ್ಚಿಗೆ ಎಷ್ಟು ಕಾಲು? ನಾಲ್ಕು. ರೊಟ್ಟಿಗೆ? ಅದಕ್ಕೂ ನಾಲ್ಕು ಕಾಲು! ಮಡಚಿದರೆ ಅರ್ಧ, ಮತ್ತೆ ಮಡಚಿದರೆ ಕಾಲು. ಒಂದು ಕಾಲು ತಿಂದರೆ ಉಳಿದದ್ದು ಮೂರು ಕಾಲು, ಮುಕ್ಕಾಲು. ಹೆಸರಿನಲ್ಲೇ ಲೆಕ್ಕವಿದೆ. ನಮ್ಮ ಜೋಳದ ರೊಟ್ಟಿ ಕಟಕಲಾದರೆ ಮಡಚಲು ಬರುವುದಿಲ್ಲ, ಮುರಿದು ನಾಲ್ಕೂ ಸಮ ಬಂದಿಲ್ಲ ಎಂದು ಮೊಮ್ಮಗ ಜಗಳ ತೆಗೆಯುತ್ತಿದ್ದ. ಜಗಳ ತೆಗೆದನೆಂದರೆ ಕಾಲು ಎಂದರೇನು ಎಂದು ತಿಳಿಯಿತು ಎಂದೇ ಅರ್ಥ.

ಹಳೆಯ ಪಾವು, ಸೇರು ಅಟ್ಟದಲ್ಲಿದ್ದರೆ ಇಳಿಸಿ ತೊಳೆದು ಕೊಡಿ. ನಾಲ್ಕು ಪಾವು ನೀರಿಗೆ ಒಂದು ಸೇರು ತುಂಬುತ್ತದೆ. ಅಕ್ಕಿ ಕೊಡಬೇಡಿ, ಗುಡಿಸುವವರು ನೀವೇ.

ನಾಲ್ಕು ಕವಡೆ

ದೊಡ್ಡ ಮಕ್ಕಳಿಗಾಗಿ ಚೌಕಾಬಾರ. ಐದೈದರ 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಹಣ್ಣಿನ ಮನೆ 1. ತನ್ನ ಮನೆಯಿಂದ ಹಣ್ಣಾಗುವವರೆಗೆ 24 ಹೆಜ್ಜೆ. ಮಗ ಇದನ್ನು ಎಣಿಸಿದ ಮೇಲೆ "ಇನ್ನು ಎಷ್ಟು ಬೇಕು" ಎಂಬ ಕಳೆಯುವ ಲೆಕ್ಕ ದಿನವೂ ಮನೆಯಲ್ಲಿ ಜಗಳದ ರೂಪದಲ್ಲಿ ನಡೆಯುತ್ತದೆ.

ಒಂದು ಮಳೆಯ ದಿನ ಕವಡೆ ಕಳೆದುಹೋಗಿ ನಾಲ್ಕು ನಾಣ್ಯ ಎಸೆದು ಆಡಿದೆವು. ಸಿಂಹದ ಮುಖ ಮೇಲೆ ಬಂದರೆ ಒಂದೊಂದು ಎಣಿಕೆ. ನಾಲ್ಕೂ ಸಿಂಹವಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಪ್ರತಿ ಸಲ ಏನು ಬಿತ್ತೋ ಅದರ ಎದುರು ಗೋಡೆ ಕ್ಯಾಲೆಂಡರಿನ ಬೆನ್ನಿಗೆ ಒಂದು ಗೀರು ಹಾಕು ಎಂದೆ. ಸಂಜೆಗೆ ಎರಡರ ಸಾಲು ಎಲ್ಲಕ್ಕಿಂತ ಉದ್ದವಾಗಿತ್ತು, ಚೌಕ ಮತ್ತು ಬಾರದ ಸಾಲು ಮೊಟಕು. ಏಕೆ? ನಾಣ್ಯಗಳನ್ನು ಸಾಲಾಗಿಟ್ಟು ಎಲ್ಲ ಬಗೆಯಲ್ಲೂ ತಿರುಗಿಸಿ ನೋಡಿದೆವು. ಒಟ್ಟು 16 ಬಗೆ. ಎರಡು ಬೀಳಲು ಆರು ದಾರಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎಂಟು ವರ್ಷದ ಹುಡುಗನಿಗೆ ಸಂಭವನೀಯತೆ ಎಂಬ ಪದ ಗೊತ್ತಿಲ್ಲ. ಆದರೆ ಈಗ ಕಾಯಿ ಇಡುವಾಗ ನನ್ನ ಕಾಯಿಯ ಹಿಂದೆ ಸರಿಯಾಗಿ ಎರಡು ಮನೆ ದೂರದಲ್ಲಿ ನಿಲ್ಲುತ್ತಾನೆ. ಕವಡೆ ಮತ್ತೆ ಸಿಕ್ಕಿದ ಮೇಲೆ ಗೀರು ಹಾಕಿದರೆ ಸಾಲುಗಳು ಬೇರೆ ರೀತಿ ಬಂದವು, ಏಕೆಂದರೆ ಕವಡೆಯ ಎರಡು ಮೈ ನಾಣ್ಯದಂತೆ ಸಮವಲ್ಲ. ಆ ಕಾಗದವನ್ನೂ ಇಟ್ಟುಕೊಂಡಿದ್ದಾನೆ.

ಇಸಾರ್ ದಂಡೆ

ಇಲ್ಲಿ ಕವಡೆ ಸಿಗುವುದಿಲ್ಲ. ಪಿಸ್ತಾ ಸಿಪ್ಪೆ ನಡೆಯುತ್ತದೆ, ಹೇಳಿಬಿಟ್ಟೆ.

ತೆಂಗಿನಸೀಮೆ

ಐದು ವಾರವಾಯಿತು, ವರದಿ ಒಪ್ಪಿಸುತ್ತೇನೆ. ಪಡ್ಡಿನ ಹೆಂಚಿನಲ್ಲಿ ನಡೆಯಿತು ಮೇಷ್ಟ್ರೇ. ಹಿಟ್ಟು ನಾನು ಹೊಯ್ಯುತ್ತೇನೆ, ಒಲೆ ಹಚ್ಚುವ ಮೊದಲು ಅವಳು ಗುಳಿಗೊಂದು ಹುಣಸೆ ಬೀಜ ಇಟ್ಟು ತೆಗೆಯುತ್ತಾಳೆ. ಏಳು ಎಂಬುದು ಈಗ ಅವಳಿಗೆ ಪಡ್ಡಿನ ಇನ್ನೊಂದು ಹೆಸರು. ಅಂಕಿಯ ಚೀಟಿಯನ್ನು ಯಜಮಾನರ ಆ ಪುಸ್ತಕದಿಂದಲೇ ಕತ್ತರಿಸಿಕೊಂಡೆವು, ಅವರ ದುಡ್ಡೂ ದಂಡವಾಗಲಿಲ್ಲ.

ನಿನ್ನೆ ಚಮಚ ತರಿಸಿದೆ. ಆರು ಎಂದಿದ್ದೆ, ಏಳು ತಂದಳು. ನನ್ನ ಮುಖ ನೋಡಿ, "ಒಂದು ಪಲ್ಯಕ್ಕೆ" ಎಂದಳು. ಎಣಿಸಿದ್ದಾಳೆ!

ಹೊಸ ತೊಂದರೆಯೊಂದು ಎದ್ದಿದೆ. ಐದು ನಾಣ್ಯಗಳನ್ನು ದೂರ ದೂರ ಹರಡಿ, ಪಕ್ಕದಲ್ಲಿ ಆರು ನಾಣ್ಯ ಒತ್ತಾಗಿ ಇಟ್ಟರೆ, ಹರಡಿದ್ದೇ ಹೆಚ್ಚು ಎನ್ನುತ್ತಾಳೆ. ಎರಡನ್ನೂ ಸರಿಯಾಗಿ ಎಣಿಸಿದ ಮೇಲೂ ಹಾಗೆಯೇ. ಏನು ಮಾಡಲಿ?

ಒಂದನೇ ತರಗತಿ ಮೇಷ್ಟ್ರು

ಏನೂ ಮಾಡಬೇಡಿ. ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞರು ಇಂಥ ಪ್ರಶ್ನೆಗಳಿಂದಲೇ ಹೆಸರಾದವರು. ಈ ವಯಸ್ಸಿನಲ್ಲಿ ಉದ್ದವಾಗಿ ಕಂಡದ್ದೇ ಹೆಚ್ಚು. ಆರು, ಏಳು ವರ್ಷದ ಹೊತ್ತಿಗೆ ಸರಿಯಾಗುತ್ತದೆ. ನೀವು ವಾದ ಮಾಡಿ ಗೆದ್ದರೆ ಅವಳು ನಿಮಗೆ ಬೇಕಾದ ಉತ್ತರ ಹೇಳಲು ಕಲಿಯುತ್ತಾಳೆ, ಅಷ್ಟೇ. ಏಳನೆಯ ಚಮಚಕ್ಕೆ ನನ್ನ ಪೂರ್ತಿ ಅಂಕ.

ತೆಂಗಿನಸೀಮೆ

ಸರಿ ಮೇಷ್ಟ್ರೇ, ಕಾಯುತ್ತೇನೆ. ಆದರೆ ಹತ್ತು ರೂಪಾಯಿಯ ಒಂದು ನಾಣ್ಯಕ್ಕಿಂತ ಒಂದು ರೂಪಾಯಿಯ ಮೂರು ನಾಣ್ಯವೇ ಹೆಚ್ಚು ಎಂದೂ ಅವಳು ನಂಬಿದ್ದಾಳೆ. ಅವಳ ಅಣ್ಣ ಈ ವ್ಯಾಪಾರವನ್ನು ಈಗಾಗಲೇ ಎರಡು ಸಲ ಮುಗಿಸಿದ್ದಾನೆ.